ಪಾಟಾ ಪಂಡಿತರು

ಚಾ ಅಂಗಡಿಯ ಮುಂದೆ ಲಾರಿ ಹಾದುಹೋದರೆ ನಮ್ಮ ನಿಮ್ಮಂಥವರಿಗೆ ಕೇಳುವುದು ಹಾರನ್ನು, ಹೆಚ್ಚೆಂದರೆ ಕ್ಯಾಬಿನ್ನಿನ ಹಾಡು. ಪಾಟಾ ಪಂಡಿತರಿಗೆ ಕೇಳುವುದೇ ಬೇರೆ. ಬಾಯಿಗೆ ಹೊರಟ ಮಿರ್ಚಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಕಣ್ಣು ಮುಚ್ಚುತ್ತದೆ. "ಹಿಂದಿನ ಬಲಗಡಿ ಶ್ಯಾಕಲ್ ಬುಷ್ ಹೋಗ್ಯಾವ. ಇನ್ನ ಎಂಟು ದಿನ, ಹೆಚ್ಚಿಗಿ ಇಲ್ಲ." ಅಷ್ಟರಲ್ಲಿ ಲಾರಿ ಗಂಜ್ ದಾಟಿ ಹೋಗಿರುತ್ತದೆ. ಭವಿಷ್ಯ ನಿಜವಾಯಿತೋ ಸುಳ್ಳಾಯಿತೋ ನೋಡಲು ಅದರ ಹಿಂದೆ ಓಡುವವರು ಯಾರು? ಜ್ಯೋತಿಷಿಗಳ ಕಸುಬು ನಡೆಯುವುದೂ ಹೀಗೆಯೇ.

ಪಾಟಾ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಹಿಂದಿನ ಗಾಲಿಗಳ ಹತ್ತಿರ ಬಗ್ಗಿ ನೋಡಿದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಒಂದು ಕಟ್ಟು ಕಾಣುತ್ತದೆ. ಮೇಲಿನದು ಮೇನ್ ಪಾಟಾ, ಎಲ್ಲಕ್ಕಿಂತ ಉದ್ದ. ಅದರ ಎರಡೂ ತುದಿ ಸುರುಳಿ ಸುತ್ತಿ ಕಣ್ಣಾಗಿರುತ್ತದೆ. ಕೆಳಗಿನವು ಅಣ್ಣ ತಮ್ಮಂದಿರ ಫೋಟೋದ ಹಾಗೆ ಒಂದಕ್ಕಿಂತ ಒಂದು ಗಿಡ್ಡ. ನಟ್ಟನಡುವೆ ತೂತು ಕೊರೆದು ಎಲ್ಲವನ್ನೂ ಪೋಣಿಸಿದ್ದು ಸೆಂಟರ್ ಬೋಲ್ಟು, ಅಷ್ಟನ್ನೂ ಅಕ್ಸೆಲ್ಲಿಗೆ ತಬ್ಬಿ ಹಿಡಿದದ್ದು ಯು ಬೋಲ್ಟು. ಹೇರಿದ ಭಾರವೆಲ್ಲ ಕೂಡುವುದು ಇದರ ಮೇಲೆ. ಪಂಡಿತರ ಜೀವ ಇರುವುದೂ ಇದರಲ್ಲೇ.

ಇಂಥವರು ರಾಯಚೂರಿನಲ್ಲಿ ಓಣಿಗೊಬ್ಬರು, ಮಾನವಿಯಲ್ಲಿ ರೈಸ್ ಮಿಲ್ಲಿಗೊಬ್ಬರು ಸಿಗುತ್ತಾರೆ. ದೇವದುರ್ಗದಲ್ಲಿ ಇಬ್ಬರಿದ್ದಾರೆ, ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ನಮ್ಮ ಓಣಿಯವರದು 2009ರ ಬೊಲೆರೊ ಪಿಕಪ್ಪು, ಕೆಎ 36. ಬಣ್ಣ ಒಂದು ಕಾಲಕ್ಕೆ ಬಿಳಿ. ಬಾಗಿಲು ಒಳಗಿನಿಂದ ತೆರೆಯದು, ಗಾಜು ಇಳಿದರೆ ಏರದು. ಅದರ ಬಗ್ಗೆ ಪಂಡಿತರಿಗೆ ಚಿಂತೆ ಇಲ್ಲ. "ಮುಖ ನೋಡಿ ಮದಿವಿ ಆಗ್ಬಾರದ್ರಿ ಮಾಸ್ತರ್ರೆ, ಬೆನ್ನು ನೋಡ್ಬೇಕು" ಎನ್ನುತ್ತಾರೆ. ಗಾಡಿಯ ಕೆಳಗೆ ಅಂಗಾತ ಮಲಗಿ ಅವರು ಕಳೆದ ಮಧ್ಯಾಹ್ನಗಳನ್ನು ಕೂಡಿಸಿದರೆ ಒಂದು ಡಿಗ್ರಿ ಆಗುತ್ತಿತ್ತು.

ಇಷ್ಟು ಜ್ಞಾನಿಯ ಗಾಡಿಯ ಪಾಟಾ ವರ್ಷಕ್ಕೆ ಎರಡು ಸಲ ಮುರಿಯುವುದು ಯಾಕೆ? ಲೆಕ್ಕ ಸರಳ. ಭತ್ತದ ಚೀಲ ಎಂದರೆ ನಮ್ಮ ಕಡೆ 75 ಕೆ.ಜಿ. ಅವರ ಗಾಡಿಯ ಆರ್‌ಸಿ ಒಪ್ಪುವುದು ಹದಿನಾರು ಚೀಲ. ಪಂಡಿತರು ಹೇರುವುದು ಮೂವತ್ತು, ಅಂದರೆ ಎರಡೂಕಾಲು ಟನ್. "ಹದಿನಾರು ಹಾಕಿದ್ರ ಡೀಸಲ್ ಹುಟ್ತದ, ಇಪ್ಪತ್ತು ಹಾಕಿದ್ರ ಟೈರಿನ ಸಾಲ ಹುಟ್ತದ, ಮೂವತ್ತು ಹಾಕಿದ್ರ ಮನಿಗೆ ಕಾಯಿಪಲ್ಲೆ ಹುಟ್ತದ" ಎಂಬುದು ಅವರ ಅರ್ಥಶಾಸ್ತ್ರ. ಹತ್ತಿಯ ಸುಗ್ಗಿಯಲ್ಲಿ ಮಾತ್ರ ಗಾಡಿಗೆ ಉಸಿರಾಟ. ಹತ್ತಿ ಹೇರಿದರೆ ಗಾಡಿಯೇ ಕಾಣುವುದಿಲ್ಲ, ಗುಡ್ಡ ನಡೆದು ಬಂದಂತೆ ಕಾಣುತ್ತದೆ, ತೂಕ ಅಷ್ಟಿಲ್ಲ.

ಪಾಟಾ ಮುರಿಯುವುದು ಈ ಓವರ್‌ಲೋಡಿನಿಂದ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದೆ. ಅವರು ಸಿಟ್ಟಾಗಲಿಲ್ಲ, ನನ್ನನ್ನು ಕೋಟೆಗೆ ಕರೆದುಕೊಂಡು ಹೋದರು. ನಮ್ಮ ರಾಯಚೂರಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಲವತ್ತು ಅಡಿ ಮೀರಿದ ಒಂದೇ ಕಲ್ಲು ಇದೆ, ಮೇಲೆ 1294ರ ಶಾಸನ. ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ಕಾಲದ್ದು. ಅಂಥ ಕಲ್ಲುಗಳನ್ನು ತಂದದ್ದು ಹೇಗೆ ಎಂಬುದನ್ನೂ ಆ ಪುಣ್ಯಾತ್ಮರು ಗೋಡೆಯ ಮೇಲೆ ಗೀರಿಟ್ಟಿದ್ದಾರೆ. ಇಡಿಗಾಲಿಯ ಬಂಡಿ, ಮುಂದೆ ಜೋಡಿ ಜೋಡಿ ಕೋಣಗಳು, ಹಿಂದೆ ಗಾಲಿಗೆ ಮೀಟುಗೋಲು ಕೊಟ್ಟು ನೂಕುವ ಆಳುಗಳು. ಪಂಡಿತರು ಬಂಡಿಯ ಹೊಟ್ಟೆಯ ಕೆಳಗೆ ಬೆರಳಿಟ್ಟರು.

"ಪಾಟಾ ಎಲ್ಲಿ ಅದ, ತೋರಸ್ರಿ."

"ಇಲ್ಲ."

"ಶಾಕ್ಸ್?"

"ಇಲ್ಲ."

"ಹಂಗಾರ ಓವರ್‌ಲೋಡ್ ಶುರು ಮಾಡಿದ್ದು ನಾನಲ್ಲ. ನಡೀರಿ, ಚಾ ಕುಡಿಯೂಣು."

ಕಳೆದ ಸುಗ್ಗಿಯಲ್ಲಿ ಮಾನವಿಯಿಂದ ಭತ್ತ ತರುವಾಗ ಕಲ್ಲೂರಿನ ಹತ್ತಿರ ಎಡಗಡೆಯ ಪಾಟಾ ಕಟ್ಟಾಯಿತು. ಎಡವೇ ಮೊದಲು ಹೋಗುವುದಕ್ಕೆ ಕಾರಣವಿದೆ. ರಸ್ತೆ ಅಂಚಿನ ಕಡೆಗೆ ಇಳಿಜಾರು, ಭಾರ ಅತ್ತಲೇ ಜಾರುತ್ತದೆ. ಎದುರಿಗೆ ಭತ್ತ ಕೊಯ್ಯುವ ಮಷೀನು ಬಂದರೆ ಎಡಗಾಲಿಗಳು ಡಾಂಬರು ಬಿಟ್ಟು ಇಳಿಯಬೇಕು. ಇಳಿದಾಗೊಂದು ಪೆಟ್ಟು, ಹತ್ತಿದಾಗೊಂದು ಪೆಟ್ಟು. ಪಾಟಾದ ಜೊತೆಗೆ ಸೆಂಟರ್ ಬೋಲ್ಟೂ ತುಂಡಾಗಿ ಅಕ್ಸೆಲ್ಲು ಒಂದು ಕಡೆ ಹಿಂದಕ್ಕೆ ಸರಿಯಿತು. ಟ್ಯೂಬು ಸೀಳಿ ಬಿಗಿದು, ಗಾಡಿಯನ್ನು ರಾಯಚೂರಿಗೆ ತಂದರು. ಮೂತಿ ರಾಯಚೂರಿನ ಕಡೆ, ಬೆನ್ನು ಗದ್ದೆಯ ಕಡೆ. ಏಡಿ ನಡೆದಂತೆ ಅಡ್ಡಡ್ಡ ಬಂತು.

ಪಾಟಾದ ಅಂಗಡಿಗೆ ನಾನೂ ಹೋಗಿದ್ದೆ. ಉಸ್ತಾದರು ಮುರಿದ ತುಂಡನ್ನು ಅರಿವೆಯಿಂದ ಒರೆಸಿ ಬಿಸಿಲಿಗೆ ಹಿಡಿದರು. ಮುರಿದದ್ದು ಸರಿಯಾಗಿ ಸೆಂಟರ್ ಬೋಲ್ಟಿನ ತೂತಿನ ಮೇಲೆ. ಮುರಿದ ಮುಖದಲ್ಲಿ ಅರ್ಧ ತುಕ್ಕು ಕುಡಿದು ಕರ್ರಗೆ, ಇನ್ನರ್ಧ ಹೊಸ ಬೆಳ್ಳಿಯ ಹಾಗೆ ಫಳಫಳ.

"ನೋಡ್ರಿ ಮಾಲಕ್ರೆ, ಇದು ಇವತ್ತು ಮುರದದ್ದಲ್ಲ. ಯುಗಾದಿಗೇ ಬಿರದದ. ಇವತ್ತು ಸುದ್ದಿ ಬಂದದ, ಅಷ್ಟ. ಯು ಬೋಲ್ಟ್ ಲೂಸ್ ಇಟ್ಟು ಓಡ್ಸೀರಿ."

ಪಂಡಿತರು ಬುಷ್‌ಗಳ ಡಬ್ಬಿಯ ಕಡೆ ನೋಡಿದರು.

ಇನ್ನು ಆಯ್ಕೆಯ ಪ್ರಕರಣ. ಅದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಉದ್ದ. ಹೊಸ ಕಂಪನಿ ಮಾಲು ಒಂದು ದಾರಿ. ಪಾಟಾ ಮಾಡುವ ಜಮ್ನಾ ಆಟೊದವರ ಊರಾದ ಹರಿಯಾಣದ ಯಮುನಾನಗರದ ಹೆಸರನ್ನು ಪಂಡಿತರು ಕಾಶಿಯ ಹೆಸರು ಹೇಳಿದಂತೆ ಹೇಳುತ್ತಾರೆ, ಹೋಗಿಲ್ಲ, ಹೋಗುವುದೂ ಇಲ್ಲ. ಗುಜರಿಯ ಪಾಟಾ ಇನ್ನೊಂದು ದಾರಿ, ಬೇರೆ ಗಾಡಿಯ ಬೆನ್ನೆಲುಬು. ಮೂರನೆಯದು, ಕೂತ ಪಾಟಾವನ್ನೇ ಕುಲುಮೆಗೆ ಕೊಟ್ಟು ಎಬ್ಬಿಸುವುದು. ಉಸ್ತಾದರಿಗೆ ಇದು ಸೇರದು. ಕೆಂಪಗೆ ಕಾಸಿದರೆ ಪಾಟಾ ಎದ್ದು ನಿಲ್ಲುತ್ತದೆ ನಿಜ, ಆದರೆ ಉಕ್ಕಿಗೆ ಕೊಟ್ಟ ಹದ ಬೆಂಕಿಯಲ್ಲಿ ಹೋಗಿರುತ್ತದೆ; ಎರಡು ಲೋಡಿಗೆ ಮತ್ತೆ ಕೂಡುತ್ತದೆ. ಎಬ್ಬಿಸುವುದಿದ್ದರೆ ತಣ್ಣಗಿದ್ದಾಗಲೇ ಸುತ್ತಿಗೆಯಿಂದ ಸಣ್ಣಗೆ ಬಡಿಯುತ್ತ ಬಾಗಿಸಬೇಕು, ಅದಕ್ಕೆ ಕೈ ಬೇಕು.

ಪಂಡಿತರು ಗುಜರಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಪಾಟಾವನ್ನು ಬೆರಳ ಮೇಲೆ ತೂಗಿಸಿ ಸ್ಪ್ಯಾನರಿನಿಂದ ಬಡಿದು ಕಿವಿ ಕೊಟ್ಟರು. ಕುಂಬಾರನ ಗಡಿಗೆ ಪರೀಕ್ಷೆಯೇ ಇದು. ಠಣ್ ಎಂದು ಎಳೆದರೆ ಗಟ್ಟಿ, ಠಪ್ಪೆಂದರೆ ಎಲ್ಲೋ ಬಿರಿದಿದೆ. ಹನ್ನೊಂದು ಪಾಟಾ ಬಡಿದು ಮೂರನ್ನು ಬದಿಗಿಟ್ಟರು. ಒಪ್ಪಿಕೊಳ್ಳಬೇಕು, ಕಿವಿ ಮಾತ್ರ ಅಪ್ಪಟ; ಅವರು ಒಗೆದ ಒಂದನ್ನು ಉಸ್ತಾದರು ಉಜ್ಜಿ ನೋಡಿದರೆ ಕೂದಲೆಳೆಯ ಬಿರುಕಿತ್ತು.

"ಎರಡೂ ಕಡಿ ಹಾಕಿಸ್ರಿ. ಪಾಟಾ ಯಾವಾಗಲೂ ಜೋಡಿ" ಎಂದರು ಉಸ್ತಾದರು.

"ಅಲ್ಲೋ ಉಸ್ತಾದ, ಒಂದು ಹಲ್ಲು ನೋವಾದ್ರ ಎರಡು ಹಲ್ಲು ಕೀಳಸ್ಕೊಂತಾರೇನು?"

"ಹಲ್ಲಲ್ರಿ ಇದು, ಚಪ್ಪಲಿ. ಒಂದು ಕಾಲಿಗೆ ಹೊಸಾದು ಹಾಕ್ಕೊಂಡು ನಡದು ನೋಡ್ರಿ."

ಪಂಡಿತರು ಎಡಕ್ಕಷ್ಟೇ ಹಾಕಿಸಿದರು. ಉಳಿದ ರೊಕ್ಕದಲ್ಲಿ ಅದೇ ಕಡೆಗೆ ಒಂದು ಪಾಟಾ ಜಾಸ್ತಿ ಹಾಕಿಸಿದರು. ಈ ಜಾತಿಯವರ ಮೂಲಮಂತ್ರವೇ ಅದು: "ಒಂದು ಜಾಸ್ತಿ ಇರ್ಲಿ." ಹೊಸ ಯು ಬೋಲ್ಟು ಹಾಕಿದ ಉಸ್ತಾದರು, ಲೋಡಿನಲ್ಲಿ ಇನ್ನೂರು ಕಿಲೋಮೀಟರು ಓಡಿಸಿಕೊಂಡು ಬನ್ನಿ, ಮತ್ತೊಮ್ಮೆ ಬಿಗಿಯಬೇಕು ಎಂದು ಮೂರು ಸಲ ಹೇಳಿದರು. ಪಂಡಿತರು ಮೂರು ಸಲವೂ ಹೂಂ ಎಂದರು.

ಗಾಡಿ ಬಲಕ್ಕೆ ವಾಲಿತು. ಪಂಡಿತರು ಚಾ ತುಂಬಿದ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ರಸಮಟ್ಟ ನೋಡಿದಂತೆ ನೋಡಿದರು. ಚಾ ಬಲ ಅಂಚಿಗೆ ಬಂದಿತ್ತು. ಏನೂ ಹೇಳದೆ ಕುಡಿದರು.

ಮುಂದಿನ ವಾರದಿಂದ ಅವರಿಗೆ ನನ್ನ ಮೇಲೆ ವಿಪರೀತ ಪ್ರೀತಿ ಹುಟ್ಟಿತು. "ಮಾಸ್ತರ್ರೆ, ದೇವದುರ್ಗಕ್ಕ ಹೊಂಟೀನಿ, ಬರ್ರಿ. ನಿಮ್ಮ ಅತ್ತಿ ಮನಿ ಅಲ್ಲೇ ಅದಲ್ಲ?" ಕ್ಯಾಬಿನ್ನಿನ ಎಡ ಸೀಟನ್ನು ಸ್ವತಃ ಒರೆಸಿ ಕೊಡುವರು. ಗಬ್ಬೂರಿನಲ್ಲಿ ಒಗ್ಗರಣಿ, ಮಿರ್ಚಿ ಅವರದೇ ಖರ್ಚು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ ಒಬ್ಬನಾದರೂ ಗೌರವ ಕೊಟ್ಟನಲ್ಲ ಎಂದು ನಾನು ಒಳಗೊಳಗೇ ಉಬ್ಬಿದೆ. ನಾಲ್ಕನೇ ಸಲ ನನಗೆ ಜ್ವರ. ನನ್ನ ಬದಲು ಮೈದುನನನ್ನು ಕರೆದುಕೊಂಡು ಹೋಗಿ ಎಂದೆ. ಪಂಡಿತರು ಅವನನ್ನು ಮೇಲಿನಿಂದ ಕೆಳಗೆ ಅಳೆದರು.

"ಬ್ಯಾಡ್ರಿ. ಇವ್ರು ಹಗುರ ಆಗ್ತಾರ."

ನನ್ನ ತೂಕ 96 ಕೆ.ಜಿ.

ಪ್ರೀತಿ ಹೋದರೂ ಪ್ರಯಾಣ ನಿಲ್ಲಲಿಲ್ಲ, ಬಸ್ ಚಾರ್ಜು ಉಳಿಯುತ್ತದಲ್ಲ. ಆದರೆ ಜಾಸ್ತಿ ಪಾಟಾದ ಗಾಡಿಯಲ್ಲಿ ಖಾಲಿ ಹೋಗುವುದು ಏನೆಂದು ಕೂತವರಿಗೇ ಗೊತ್ತು. ಭಾರವಿದ್ದರೆ ಬಾಗುವ ಪಾಟಾ ಖಾಲಿ ಇದ್ದಾಗ ಕಲ್ಲು. ನಮ್ಮದು ಎರೆ ನೆಲ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಮೇಲೆ ಹಾಸಿದ ಡಾಂಬರೂ ಅದರ ಜೊತೆ ಎದ್ದು ಬೀಳುತ್ತದೆ. ರಸ್ತೆ ದೂರದಿಂದ ಕಪ್ಪು ಸೀರೆಯ ನೆರಿಗೆಯಂತೆ ಚಂದ. ಗಾಡಿ ಒಂದು ನೆರಿಗೆಗೆ ಹಾರಿದರೆ ಮುಂದಿನ ನಾಲ್ಕಕ್ಕೂ ಹಾರುತ್ತಲೇ ಇರುತ್ತದೆ, ಏಕೆಂದರೆ ಕುಣಿತವನ್ನು ಹಿಡಿದು ನಿಲ್ಲಿಸಬೇಕಾದ ಶಾಕ್ಸು ಆಯಿಲ್ ಕಕ್ಕಿ ಎರಡು ವರ್ಷವಾಗಿದೆ. ಭಾರ ಹೊರುವುದು ಪಾಟಾ, ಕುಣಿತ ಹಿಡಿಯುವುದು ಶಾಕ್ಸು ಎಂದು ಉಸ್ತಾದರು ಹೇಳಿ ಸೋತಿದ್ದಾರೆ. "ಶಾಕ್ಸ್ ಅಂದ್ರ ಶೋಕಿ" ಎಂಬುದು ಪಂಡಿತರ ತೀರ್ಪು. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ. ಆಗ ಮಾತ್ರ ಒಳ್ಳೆಯ ಗೇಬ್ರಿಯಲ್ ಶಾಕ್ಸಿನ ಜೋಡಿಯೊಂದು ಎಲ್ಲಿಂದಲೋ ಬಂದು ಕೂಡುತ್ತದೆ. ಮರುದಿನ ಅದು ಮಾನವಿಯ ಪಂಡಿತರ ಗಾಡಿಯಲ್ಲಿರುತ್ತದೆ. ಮದುವೆ ಮನೆಯಿಂದ ಮದುವೆ ಮನೆಗೆ ಹೋಗುವ ಎರವಲು ಸರದ ಹಾಗೆ ಆ ಒಂದು ಜೋಡಿ ಎಷ್ಟು ಗಾಡಿಗಳ ಮಾನ ಕಾಪಾಡಿದೆಯೋ.

ಆರೈಕೆಯಲ್ಲಿ ಮಾತ್ರ ಕೊರತೆ ಇಲ್ಲ. ಅಮಾವಾಸ್ಯೆಗೆ ಗಾಡಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಪಾಟಾಕ್ಕೆ ಎಂಜಿನ್ನಿನಿಂದ ತೆಗೆದ ಹಳೇ ಕರಿ ಆಯಿಲ್ಲಿನ ಅಭಿಷೇಕ. ಆ ಜಿಡ್ಡಿಗೆ ರಸ್ತೆಯ ದೂಳು ಕೂತು ಪಾಟಾಗಳ ನಡುವೆ ಒಳ್ಳೆ ಸಾಣೆ ಹಿಟ್ಟು ತಯಾರಾಗುತ್ತದೆ. ಕಣ್ಣಿನ ರಬ್ಬರ್ ಬುಷ್ಷಿಗೂ ಅದೇ ಆಯಿಲ್ಲು. ರಬ್ಬರಿಗೆ ಆಯಿಲ್ ಆಗದು, ಉಬ್ಬಿ ಮೆತ್ತಗಾಗುತ್ತದೆ ಎಂದರೆ, "ಮನಿಶಾಗ ತಲಿಗೆ ಎಣ್ಣಿ ಬೇಕು, ಅದಕ್ಕ ಬ್ಯಾಡೇನು?" ಎನ್ನುತ್ತಾರೆ. ಬುಷ್ಷು ಮೂರು ತಿಂಗಳಿಗೆ ಹೋಗುತ್ತದೆ. "ಈಗಿನ ರಬ್ಬರಿನಾಗ ದಮ್ಮಿಲ್ಲ."

ಈ ಸಂಸಾರದಲ್ಲಿ ಲಾಭವಾದದ್ದು ಅವರ ಮನೆಯವರಿಗೆ. ಪಾಟಾದ ಉಕ್ಕಿನಂಥ ಉಕ್ಕು ಕಮ್ಮಾರರಿಗೆ ಬೇರೆ ಇಲ್ಲ. ಮುರಿದದ್ದೆಲ್ಲ ಕುಲುಮೆಗೆ ಹೋಗಿ ಕೊಡಲಿ, ಕುಡಗೋಲು, ಈಳಿಗೆಯಾಗಿ ಬರುತ್ತದೆ. "ಗಾಡಿ ಮುರದಷ್ಟೂ ನಮಗ ಚೊಲೊ ನೋಡ್ರಿ ಅಣ್ಣಾರ" ಎಂದರು ಆ ತಾಯಿ, ಉಳ್ಳಾಗಡ್ಡಿ ಹೆಚ್ಚುತ್ತ. ಅವರ ತವರಿನ ನಾಲ್ಕೂ ಮನೆಗೆ ಇದೇ ಪಿಕಪ್ಪಿನಿಂದ ಈಳಿಗೆ ಹೋಗಿವೆ.

ಮೊನ್ನೆ ನನಗೂ ಒಂದು ಕೊಟ್ಟರು, ಕಲ್ಲೂರಿನ ಹತ್ತಿರ ಮುರಿದ ಪಾಟಾದ್ದು. ಕಬ್ಬಿಣ ಪುಕ್ಕಟೆ ತಗೋಬಾರದು ಎಂದು ಪಂಡಿತರು ಹತ್ತು ರೂಪಾಯಿ ಇಸಿದುಕೊಂಡರು. ಕುಂಬಳಕಾಯಿಗೆ ಭಾಳ ಚೊಲೊ ನಡೆಯುತ್ತದೆ. ಬಲಗಡೆಯ ಪಾಟಾ ಇನ್ನೂ ಹಾಕಿಸಿಲ್ಲ. ಈ ಶನಿವಾರ ಮತ್ತೆ ದೇವದುರ್ಗಕ್ಕೆ ಹೊರಟಿದ್ದೇವೆ.