ಚೆಂಡಿನ ಕೈವಾಡ

ಪಿನ್ ಬಿದ್ದರೆ ನಮ್ಮ ಕೈಚಳಕ, ಬೀಳದಿದ್ದರೆ ಚೆಂಡಿನ ದೋಷ. ಟೆನ್‌ಪಿನ್ ಬೌಲಿಂಗ್ ಆಡುವವರೆಲ್ಲರ ಸಿದ್ಧಾಂತ ಇದೇ ಸ್ವಾಮಿ. ನನ್ನ ತಕರಾರು ಮೊದಲರ್ಧಕ್ಕೆ. ಬಿದ್ದಾಗಲೂ ಬಹುಪಾಲು ಚೆಂಡಿನದೇ ಕೈವಾಡ. ಪಾಪ, ಅದಕ್ಕೆ ಕೈ ಇಲ್ಲ ಅಷ್ಟೇ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಚೆಂಡೆಂದರೆ ಲಿಗ್ನಮ್ ವೈಟೆ ಎಂಬ ಗಟ್ಟಿ ಮರದ ಗುಂಡು. ಆಮೇಲೆ ರಬ್ಬರ್ ಬಂತು, ಪಾಲಿಯೆಸ್ಟರ್ ಬಂತು. ಆಗೆಲ್ಲ ಚೆಂಡು ಸಾಧು ಪ್ರಾಣಿ. ಅದನ್ನು ಕೆಡಿಸಿದವರಲ್ಲಿ ವೃತ್ತಿಪರ ಬೌಲರ್ ಡಾನ್ ಮೆಕ್ಯೂನ್ ಅವರಿಗೆ ಅಗ್ರಪೂಜೆ ಸಲ್ಲಬೇಕು. ಈ ಮಹಾಶಯರು ಪಾಲಿಯೆಸ್ಟರ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಹಾಕಿದರು! ಮೈ ಮೆತ್ತಗಾದ ಚೆಂಡು ನೆಲ ಕಚ್ಚಿ ತಿರುಗಿತು. 1973ರಲ್ಲಿ ಅವರಿಗೆ ಆರು ಪ್ರಶಸ್ತಿ, ಜೊತೆಗೆ ವರ್ಷದ ಆಟಗಾರನ ಪಟ್ಟ. ಹಿಂದೆಯೇ, ಚೆಂಡು ಇಷ್ಟು ಗಟ್ಟಿ ಇರಲೇಬೇಕೆಂಬ ನಿಯಮಗಳೂ ಬಂದವು.

ಈಗಿನ ಚೆಂಡಿಗೆ ಆ ಉಪಚಾರ ಬೇಡ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಹೊದಿಕೆಗೆ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. 60 ಅಡಿಯ ಲೇನಿನಲ್ಲಿ ಮುಂಭಾಗಕ್ಕೆಲ್ಲ ಎಣ್ಣೆ ಬಳಿದಿರುತ್ತಾರೆ. ಅಲ್ಲಿ ಚೆಂಡು ಜಾರುತ್ತ ಹೋಗುತ್ತದೆ, ಸಾಲದ್ದಕ್ಕೆ ಎಣ್ಣೆಯನ್ನೂ ಹೀರುತ್ತದೆ. ಒಣ ಜಾಗ ಸಿಕ್ಕಿದ್ದೇ ತಡ, ಗಕ್ಕನೆ ಹಿಡಿದು ಪಿನ್ನುಗಳತ್ತ ತಿರುಗುತ್ತದೆ. ಎಣ್ಣೆ ಹಾಕಿಯೂ ಸರಿಯಾದ ಬಾಗಿಲಿಗೇ ಹೋಗುವ ಪ್ರಾಣಿ ಲೋಕದಲ್ಲಿ ಇದೊಂದೇ ಇರಬೇಕು! ಹೀರಿ ಹೀರಿ ಮಂಕಾದರೆ ಯಜಮಾನರು ಬಿಸಿನೀರಲ್ಲಿ ಮುಳುಗಿಸಿ ಎಣ್ಣೆ ಇಳಿಸುತ್ತಾರೆ. ನಮ್ಮಲ್ಲಿ ಅಳಿಯಂದಿರಿಗೂ ಈ ಅಭ್ಯಂಜನ ದೀಪಾವಳಿಗೊಮ್ಮೆ.

ಹೊಟ್ಟೆಯೊಳಗೆ ಇನ್ನೊಂದು ಕಿತಾಪತಿ. ಹೊರಗೆ ಎಷ್ಟೇ ದುಂಡಗಿರಲಿ, ಒಳಗಿನ ಕೋರ್ ಬಲ್ಬಿನ ಆಕಾರದ್ದೋ, ಇನ್ನೂ ಸೊಟ್ಟದ್ದೋ ಆಗಿರುತ್ತದೆ. ಹಾಗಾಗಿ ಉರುಳುವಾಗ ಅಕ್ಷ ಚೂರುಚೂರೇ ಸರಿದು, ಪ್ರತಿ ಸುತ್ತಿಗೂ ಎಣ್ಣೆ ಹತ್ತದ ಹೊಸ ಮೈ ನೆಲಕ್ಕೆ ತಾಗುತ್ತದೆ. ಹಿಡಿತ ಹೆಚ್ಚುತ್ತದೆ.

ಇಷ್ಟೆಲ್ಲ ಸರ್ಕಸ್ ಯಾಕೆ? ಒಂದು ಕೋನಕ್ಕಾಗಿ. ನೆಟ್ಟಗೆ ಹೋದ ಚೆಂಡು ಮುಂದಿನ ಪಿನ್ನಿಗೆ ಬಡಿದು ಪಕ್ಕಕ್ಕೆ ಸರಿದುಬಿಡುತ್ತದೆ. ಸುಮಾರು ಆರು ಡಿಗ್ರಿ ಓರೆಯಾಗಿ ಬಂದದ್ದು ನಡುವಿಗೇ ನುಗ್ಗುತ್ತದೆ. ಹತ್ತೂ ಪಿನ್ನು ಒಂದೇ ಎಸೆತಕ್ಕೆ ಉರುಳುವ, ಬಲಗೈಯವರ ಅಚ್ಚುಕಟ್ಟಾದ ಸ್ಟ್ರೈಕ್‌ನಲ್ಲಿ ಚೆಂಡು ಮುಟ್ಟುವುದು ಒಂದು, ಮೂರು, ಐದು, ಒಂಬತ್ತನೇ ಪಿನ್ನುಗಳನ್ನು ಮಾತ್ರ. ಉಳಿದ ಆರೂ ಪಿನ್ನಿಗೆ ಪಿನ್ನು ಬಡಿದು ಬೀಳುತ್ತವೆ. ಎಸೆದವರು ಮಾತ್ರ ಹತ್ತಕ್ಕೂ ಲೆಕ್ಕ ಹಾಕಿ ಕುಣಿಯುತ್ತಾರೆ.

ಇದನ್ನು ಓದಿ ಬೆಂಗಳೂರಿನ ಮಾಲಿನಲ್ಲಿ ಮಣಿಕಟ್ಟು ತಿರುಚಲು ಹೋಗಬೇಡಿ. ಅಲ್ಲಿ ಕೈಗೆ ಸಿಗುವ ಬಣ್ಣಬಣ್ಣದ ಚೆಂಡು ಸಾಮಾನ್ಯವಾಗಿ ಹಳೇ ಪಾಲಿಯೆಸ್ಟರ್ ಜಾತಿಯದು. ನೀವೆಷ್ಟು ತಿರುಚಿದರೂ ಅದು ಬಹುತೇಕ ನೆಟ್ಟಗೇ ಹೋಗುತ್ತದೆ. ಬೇಜಾರೂ ಬೇಡ. ಮೂಲೆಯಲ್ಲಿ ಉಳಿದ ಒಂಟಿ ಪಿನ್ ಕೆಡವಲು ಘಟಾನುಘಟಿ ಆಟಗಾರರೂ ಎತ್ತಿಕೊಳ್ಳುವುದು ಪಾಲಿಯೆಸ್ಟರ್ ಚೆಂಡನ್ನೇ.