ಚೆಂಡಿನ ಮೇಲೆ ರಾಯರು

ಎಚ್‌ಎಎಲ್‌ನಿಂದ ನಿವೃತ್ತರಾಗಿ, ಮಕ್ಕಳನ್ನು ಪರದೇಶಕ್ಕೂ ಕಾರನ್ನು ಹೊದಿಕೆಯೊಳಕ್ಕೂ ಕಳುಹಿಸಿ, ಬೆಳಗಿನ ಐದು ಗಂಟೆಗೇ ಲೋಕಕ್ಕೆ ಬುದ್ಧಿ ಹೇಳಲು ಸನ್ನದ್ಧರಾಗಿರುವ ಮಹನೀಯರು ಹೊಸ ತಿಪ್ಪಸಂದ್ರದಲ್ಲಿ ಬೀದಿಗೊಬ್ಬರಾದರೂ ದೊರೆಯುವರು. ನಮ್ಮ ಬೀದಿಯ ಪಾಲಿಗೆ ಬಂದವರು ರಾಯರು.

ಕಿರಣ ವಿಮಾನಗಳ ದುರಸ್ತಿಯಲ್ಲಿ ಮೂವತ್ತು ವರ್ಷ ಸವೆಸಿದ ಇವರಿಗೆ ಸೊಂಟನೋವು ತಗುಲಿ, ಫಿಸಿಯೋಥೆರಪಿಯ ಹುಡುಗಿಯೊಬ್ಬಳು, "ಅಂಕಲ್, ದಿನಾ ಹತ್ತು ನಿಮಿಷ ಜಿಮ್ ಬಾಲ್ ಮೇಲೆ ನೆಟ್ಟಗೆ ಕೂತ್ಕೊಳ್ಳಿ. ಗೋಡೆ ಹತ್ರ ಇರ್ಲಿ" ಎಂದದ್ದೇ ತಡ, 65 ಸೆಂಟಿಮೀಟರ್ ವ್ಯಾಸದ ನೀಲಿ ಚೆಂಡೊಂದು ಅವರ ನಡುಮನೆಯನ್ನು ಆಕ್ರಮಿಸಿತು. ಹುಡುಗಿಯ ಎರಡನೆಯ ವಾಕ್ಯವನ್ನು ಮಾತ್ರ ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊಣಕಾಲು 90 ಡಿಗ್ರಿಗೆ ಬಾಗಿ, ಪಾದಗಳು ಪೂರ್ತಿಯಾಗಿ ನೆಲಕ್ಕೂರಿ, ತಲೆ, ಬೆನ್ನು, ಸೊಂಟಗಳು ಒಂದೇ ಲಂಬರೇಖೆಯಲ್ಲಿ ನಿಂತರೆ, ಚೆಂಡು ಕದಲಿದಂತೆಲ್ಲ ಹೊಟ್ಟೆಯ ಮತ್ತು ಬೆನ್ನಿನ ಆಳದ ಸ್ನಾಯುಗಳು ತಾವಾಗಿಯೇ ಎಚ್ಚೆತ್ತು ದೇಹವನ್ನು ಹಿಡಿದು ನಿಲ್ಲಿಸುವುವೆಂಬ ತತ್ತ್ವವನ್ನು, ಹಾಲು ತರಲು ಹೊರಟವರನ್ನು ಗೇಟಿನ ಬಳಿ ತಡೆದು ಅವರು ಉಪದೇಶಿಸುತ್ತಿದ್ದರು. ಇಟಲಿಯ ಅಕ್ವಿಲಿನೋ ಕೊಸಾನಿ ಎಂಬವನು 1963ರಲ್ಲಿ ಈ ಚೆಂಡನ್ನು ನಿರ್ಮಿಸಿದನೆಂಬುದೂ, ಸ್ವಿಟ್ಜರ್ಲೆಂಡಿನ ಚಿಕಿತ್ಸಕರು ಬಳಸಿದ್ದರಿಂದ ಸ್ವಿಸ್ ಬಾಲ್ ಎಂಬ ಹೆಸರು ಬಂದಿತೆಂಬುದೂ (ಹೆತ್ತವಳೊಬ್ಬಳು, ಹೆಸರು ಪಡೆದವಳು ಇನ್ನೊಬ್ಬಳು!) ನನಗೆ ತಿಳಿದದ್ದು ಅವರಿಂದಲೇ. "ಕಿರಣ ಮೊದಲು ಹಾರಿದ್ದು 1964ರಲ್ಲಿ ಸ್ವಾಮಿ, ಚೆಂಡೇ ಒಂದು ವರ್ಷ ಹಿರಿಯದು" ಎಂದು ಅದನ್ನು ಗೌರವದಿಂದ ತಟ್ಟುವರು.

ಆ ಹಿರಿಯ ಚೆಂಡು ರಾಯರನ್ನು ವಾರಕ್ಕೆರಡು ಬಾರಿ ಕೆಡಹುತ್ತಿತ್ತು. ಸಾಮಾನ್ಯರು ಬಿದ್ದರೆ ಧೂಳು ಕೊಡವಿಕೊಂಡು ಏಳುವರು. ರಾಯರು ಬಿದ್ದರೆ ತನಿಖೆ ನಡೆಯುತ್ತಿತ್ತು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ದಿನಾಂಕ, ವೇಳೆ, ವಾಲಿದ ದಿಕ್ಕು, ಫ್ಯಾನಿನ ವೇಗ ಇವುಗಳನ್ನು ನಮೂದಿಸಿ, ಕಾರಣದ ಕಲಮಿನಲ್ಲಿ ಒಮ್ಮೆ ನೆಲದ ಇಳಿಜಾರನ್ನೂ, ಒಮ್ಮೆ ಪಂಚೆಯ ಜಾರುಗುಣವನ್ನೂ, ಇನ್ನೊಮ್ಮೆ ಕುಕ್ಕರಿನ ಅಕಾಲಿಕ ಸಿಳ್ಳನ್ನೂ ಹೊಣೆಮಾಡಿದ್ದರು. ಪ್ರತಿಯೊಂದು ವರದಿಯ ಕೆಳಗೂ ಅವರ ಧರ್ಮಪತ್ನಿಯವರು ದಿನಸಿ ಪಟ್ಟಿಯ ಪೆನ್ಸಿಲಿನಿಂದ "ಗೋಡೆ ಹತ್ತಿರ ಇರಲಿಲ್ಲ" ಎಂದು ಷರಾ ಬರೆದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಡೆಗೆ ದೋಷವು ಚೆಂಡಿನೊಳಗಿನ ಗಾಳಿಯಲ್ಲಿಯೇ ಇದೆಯೆಂದು ನಿರ್ಣಯವಾಗಿ, ಕಳೆದ ಭಾನುವಾರ ರಾಯರು ಅದನ್ನು ಎರಡು ಕೈಗಳಿಂದಲೂ ಅಪ್ಪಿಕೊಂಡು, ಎದುರಿನ ದಾರಿ ಕಾಣದೆ, ಮಾರುಕಟ್ಟೆಯ ಸೊಪ್ಪಿನ ಗಾಡಿಗಳ, ಸ್ಕೂಟರುಗಳ, ಎದ್ದ ಕಲ್ಲುಚಪ್ಪಡಿಗಳ ನಡುವೆ ಒಂದು ಹೆಜ್ಜೆಯೂ ತಪ್ಪದೆ ನಡೆದು ಪಂಕ್ಚರ್ ಅಂಗಡಿ ಮುಟ್ಟಿದರು. ಅಂಗಡಿಯ ಹುಡುಗ ಚೆಂಡನ್ನು ಸುತ್ತಲೂ ತಿರುಗಿಸಿ ನೋಡಿ, "ಸಾರ್, ಇದು ಯಾವ ಗಾಡೀದು?" ಎಂದ.

ರಾಯರು ಅಲ್ಲಿದ್ದ ಹಳೆಯ ಟೈರಿನ ಮೇಲೆ ಬೆನ್ನು ನೆಟ್ಟಗಿರಿಸಿ ಕುಳಿತು, ಇಟಲಿಯಿಂದ ಆರಂಭಿಸಿದರು.