ಕಿಲೋ ಲೆಕ್ಕದ ಆಟ

ಆಟದ ಕನ್ಸೋಲ್‌ಗಳ ವಿಮರ್ಶೆ ಬರೆಯುವವರದು ಬೇರೆಯೇ ಲೋಕ. ಟೆರಾಫ್ಲಾಪ್ ಅಂತಾರೆ, ರೇ ಟ್ರೇಸಿಂಗ್ ಅಂತಾರೆ, ಸೆಕೆಂಡಿಗೆ 120 ಫ್ರೇಮ್ ಅಂತಾರೆ, ಕೊನೆಗೆ ಹತ್ತಕ್ಕೆ ಎಂಟೂವರೆ ಅಂಕ ಎಸೆದು ಎದ್ದು ಹೋಗುತ್ತಾರೆ. ಉಳಿದ ಒಂದೂವರೆ ಅಂಕ ಎಲ್ಲಿ ಸೋರಿತು ಅನ್ನುವುದು ಕೊಂಡವನಿಗೆ ಗೊತ್ತಾಗುವುದು ಪೆಟ್ಟಿಗೆ ಮನೆಗೆ ಬಂದು, ಚಂದಾ ಕಟ್ಟಿ, ಅಪ್‌ಡೇಟ್ ಇಳಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತಾಗಲೇ. ನನ್ನನ್ನು ಕೇಳಿದರೆ, ಈ ವಿಮರ್ಶಕರನ್ನೆಲ್ಲ ಒಂದು ತಿಂಗಳು ನಮ್ಮ ಭಾವನ ಕೈಕೆಳಗೆ ತರಬೇತಿಗೆ ಹಾಕಬೇಕು.

ಭಾವ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಕುರ್ಚಿಯಲ್ಲೇ ಕೂತು ನಿವೃತ್ತರಾದವರು. ಪ್ಲೇಸ್ಟೇಷನ್ 5 ಬೇಕು ಅಂತ ಅಕ್ಕನ ಮಗ ಅರ್ಜಿ ಹಾಕಿಕೊಂಡಾಗ ಅವರು ಕೇಳಿದ ಮೊದಲ ಪ್ರಶ್ನೆ, "ತೂಕ ಎಷ್ಟೋ?"

"ತೂಕ ಯಾಕಪ್ಪಾ? 10.28 ಟೆರಾಫ್ಲಾಪ್ ಇದೆ!"

"ಅದು ನಿನಗಿರಲಿ. ನಂಗೆ ತೂಕ ಹೇಳು."

2021ರ ಫೆಬ್ರವರಿ 2ರಂದು ಅದು ಭಾರತದ ಅಂಗಡಿಗಳಿಗೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ತೂಕ ನಾಲ್ಕೂವರೆ ಕಿಲೋ. ಡಿಸ್ಕ್ ಹಾಕಲಾಗದ ಡಿಜಿಟಲ್ ಮಾದರಿಗೆ 39,990, ತೂಕ 3.9 ಕಿಲೋ. ಭಾವ ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಭಾಗಾಕಾರ ಹಾಕಿದರು. ಮೊದಲನೆಯದು ಕಿಲೋಗೆ 11,109, ಎರಡನೆಯದು 10,254. "ಡಿಜಿಟಲ್ಲೇ ಸೋವಿ" ಅಂತ ತೀರ್ಪಾಯಿತು. ಆದರೂ ಅವಸರ ಬೇಡ, ಎಲೆಕ್ಟ್ರಾನಿಕ್ ಸಾಮಾನಿನ ಬೆಲೆ ದಿನ ಕಳೆದಂತೆ ಇಳಿಯುತ್ತೆ ಅಂದರು. ಟೀವಿ ಇಳಿದಿದೆ, ಸೀಡಿ ಪ್ಲೇಯರ್ ಇಳಿದು ಗುಜರಿಗೇ ಹೋಗಿದೆ, ಇದೇನು ಮಹಾ? ಇದು ಮಾತ್ರ 2022ರ ಕೊನೆಗೆ ಐದು ಸಾವಿರ ಏರಿ ಕೂತಿತು. ಅದೂ ಸಾಲದೆಂಬಂತೆ, ಆ ಹೊತ್ತಿಗೆ ಬಂದ ಹೊಸ ತಯಾರಿಕೆಯಲ್ಲಿ ಡಿಸ್ಕ್ ಮಾದರಿಯ ತೂಕ 3.9 ಕಿಲೋಗೆ ಇಳಿದಿತ್ತು. ಈಗ ಕಿಲೋಗೆ 14,100! ದುಡ್ಡು ಏರಿಸಿ ತೂಕದಲ್ಲೂ ಹೊಡೆಯುವ ವ್ಯಾಪಾರವನ್ನು ತಾವು ಸಂತೆಯಲ್ಲೂ ಕಂಡಿಲ್ಲ ಅಂತ ಭಾವ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅಕ್ಕನ ಪರೀಕ್ಷೆ ಇನ್ನೂ ಚುಟುಕು. ನಿಲ್ಲಿಸಿದರೆ 39 ಸೆಂಟಿಮೀಟರ್ ಎತ್ತರ, ಶೋಕೇಸಿನ ಖಾನೆಯಲ್ಲಿ ಹಿಡಿಸುವುದಿಲ್ಲ. ಮಲಗಿಸಿದರೆ ದಸರಾ ಗೊಂಬೆಗಳಿಗೆ ಜಾಗವಿಲ್ಲ. "ಪಟ್ಟದ ಗೊಂಬೇನ ಇದರ ತಲೆ ಮೇಲೆ ಕೂರಿಸ್ಲೇನೋ?" ಅಂತ ಕೇಳಿದಳು. ಮುಂದೆ ಒಂದು ದಿನ ಮಗ ಅವಳ ಕೈಗೆ ಕಂಟ್ರೋಲರ್ ಕೊಟ್ಟು ಆಸ್ಟ್ರೋಸ್ ಪ್ಲೇರೂಮ್ ಹಾಕಿದ. ಪರದೆಯ ಮೇಲೆ ಮಳೆ ಹನಿದರೆ ಅಂಗೈಯಲ್ಲಿ ಪಟಪಟ ಅನ್ನಿಸುತ್ತೆ. ಬೆರಳಿಟ್ಟ ಗುಂಡಿ ಸಂದರ್ಭಕ್ಕೆ ತಕ್ಕಂತೆ ಬಿಗಿಯುತ್ತೆ, ಸಡಿಲುತ್ತೆ. ಅಕ್ಕ ಒಂದು ಕ್ಷಣ ಕಣ್ಣರಳಿಸಿ, "ಅಯ್ಯೋ, ಮಹಡಿ ಮೇಲೆ ಬಟ್ಟೆ!" ಅಂತ ಎದ್ದು ಓಡಿದಳು. ವಿಮರ್ಶೆ ಅಂದರೆ ಅದು. ಇಡೀ ಯಂತ್ರದಲ್ಲಿ ನನಗೂ ಮನಸ್ಸು ತುಂಬಿದ್ದು ಆ ಒಂದು ಆಟವೇ. ಪೆಟ್ಟಿಗೆಯ ಜೊತೆಗೇ ಬರುತ್ತೆ, ಬಿಟ್ಟಿ, ಆಡುವುದಕ್ಕೆ ಇಂಟರ್ನೆಟ್ಟೂ ಬೇಡ.

ಹಿಂದೆ ಇಷ್ಟು ವಿಚಾರಣೆ ಇರಲಿಲ್ಲ. 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ನಿಂಟೆಂಡೊ ಫ್ಯಾಮಿಲಿ ಕಂಪ್ಯೂಟರಿನ ನಕಲಿ ವಂಶಜರು ತೊಂಬತ್ತರ ದಶಕದಲ್ಲಿ ಟೀವಿ ಗೇಮ್ ಅಂತ ನಮ್ಮ ಬೀದಿಗಳಿಗೆ ಬಂದಿಳಿದವು. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿರುತ್ತಿತ್ತು. ಒಳಗೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವುದು, ಇನ್ನೊಂದಿಷ್ಟು, ಮತ್ತೆ ಅವೇ ಹೆಸರು ಬದಲಿಸಿಕೊಂಡು. ಆಟ ತೆರೆಯದಿದ್ದರೆ ಕ್ಯಾಸೆಟ್ ಕಿತ್ತು ಉಫ್ ಅಂತ ಊದುವುದು. ಊದಬೇಡಿ, ತೇವಕ್ಕೆ ಕೆಡುತ್ತೆ ಅಂತ ನಿಂಟೆಂಡೊ ಕಂಪನಿಯೇ ಎಚ್ಚರಿಸಿತ್ತಂತೆ. ನಮ್ಮ ಬೀದಿಯಲ್ಲಿ ಅದನ್ನು ಓದಿದವರು ಯಾರು? ಗ್ರಾಹಕ ಸೇವೆ, ತಾಂತ್ರಿಕ ನೆರವು, ಸರ್ವರ್ ನಿರ್ವಹಣೆ ಎಲ್ಲ ನಮ್ಮ ಬಾಯಲ್ಲೇ ಇತ್ತು.

ಪೆಟ್ಟಿಗೆಗೆ ಬಾಲ ಬಂದದ್ದು ಆಮೇಲೆ. ಸೆಗಾ ಕಂಪನಿ 1998ರಲ್ಲಿ ಡ್ರೀಮ್‌ಕಾಸ್ಟ್ ಬಿಟ್ಟಾಗ ಫೋನ್ ಲೈನಿಗೆ ಸಿಕ್ಕಿಸುವ ಮೋಡೆಮ್ ಒಳಗೇ ಇತ್ತು. ಕಾಲಕ್ಕಿಂತ ಮುಂಚೆ ಹುಟ್ಟಿದವರಿಗೆ ಆಗುವುದೇ ಅದಕ್ಕೂ ಆಗಿ 2001ರಲ್ಲಿ ತಯಾರಿಕೆ ನಿಂತಿತು. ಮೈಕ್ರೋಸಾಫ್ಟ್ 2002ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಲೈವ್ ಶುರು ಮಾಡಿ, ಇನ್ನೊಬ್ಬರ ಜೊತೆ ಆಡಲು ಚಂದಾ ಕಟ್ಟಬೇಕು ಅಂದಿತು. ಸೋನಿಯವರು ಪ್ಲೇಸ್ಟೇಷನ್ 3ರ ತನಕ ಅದನ್ನು ಬಿಟ್ಟಿಯಾಗಿ ಕೊಟ್ಟು, 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ತಾವೂ ಕೈ ಚಾಚಿದರು. ನಿಂಟೆಂಡೊದವರು 2018ರಲ್ಲಿ ಸೇರಿಕೊಂಡರು. ಅವರದು ಇನ್ನೂ ಮಜ: ಸ್ವಿಚ್‌ನಲ್ಲಿ ಆಡುತ್ತಾ ಜೊತೆಗಾರನ ಹತ್ತಿರ ಮಾತಾಡಬೇಕಾದರೆ ಮೊಬೈಲಿನಲ್ಲಿ ಬೇರೆ ಆ್ಯಪ್ ತೆರೆಯಬೇಕಿತ್ತು. ಮೊಬೈಲ್ ತೆಗೆದ ಮೇಲೆ ನೇರವಾಗಿ ಫೋನೇ ಮಾಡಬಹುದಲ್ಲ ಅಂತ ಕೇಳುವ ಭಾವನಂಥವರು ಆ ಕಂಪನಿಯಲ್ಲಿ ಇರಲಿಲ್ಲ ಅಂತ ಕಾಣುತ್ತೆ.

ಈ ವ್ಯವಹಾರವನ್ನು ಬೆಂಗಳೂರಿನ ಬಾಡಿಗೆ ಮನೆಯ ಲೆಕ್ಕದಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತೆ. ಐವತ್ತು ಸಾವಿರ ಅನ್ನುವುದು ಬೆಲೆಯಲ್ಲ, ಅಡ್ವಾನ್ಸು. ಬಾಡಿಗೆ ಬೇರೆ. ಪೇಂಟಿಂಗ್ ಖರ್ಚು ಅಂತ ಮುರಿದುಕೊಂಡಾದರೂ ಅಷ್ಟಿಷ್ಟು ಹಿಂತಿರುಗಿಸುವ ಬೆಂಗಳೂರಿನ ಓನರ್ ಈ ಕಂಪನಿಗಳ ಮುಂದೆ ಸಂತ. 2022ರಲ್ಲಿ ಪ್ಲೇಸ್ಟೇಷನ್ ಪ್ಲಸ್ ಚಂದಾ ಮೂರು ಅಂತಸ್ತಾಯಿತು: ವರ್ಷಕ್ಕೆ ಎಸೆನ್ಷಿಯಲ್ 2,999, ಎಕ್ಸ್‌ಟ್ರಾ 4,999, ಮೇಲಿನ ಮಹಡಿ 5,749. ಅಮೆರಿಕದಲ್ಲಿ ಮೇಲಿನ ಮಹಡಿಯ ಹೆಸರು ಪ್ರೀಮಿಯಂ. ಅಲ್ಲಿ ಆಟವನ್ನು ಇಳಿಸಿಕೊಳ್ಳದೆ ದೂರದ ಕಂಪ್ಯೂಟರಿನಿಂದಲೇ ಆಡುವ ಸೌಕರ್ಯವುಂಟು. ಭಾರತಕ್ಕೆ ಆ ಸೌಕರ್ಯ ತೆಗೆದು, ಉಳಿದದ್ದಕ್ಕೆ ಡಿಲಕ್ಸ್ ಅಂತ ಹೆಸರಿಟ್ಟರು. ಎಸಿ ಕೆಟ್ಟ ಬಸ್ಸಿಗೂ ಬೋರ್ಡು ಬದಲಿಸದ ನಾವು ಆಕ್ಷೇಪಿಸುವುದಾದರೂ ಹೇಗೆ?

ತಿಂಗಳಿಗೊಮ್ಮೆ ಕೊಡುವ "ಉಚಿತ" ಆಟಗಳೂ ಅಷ್ಟೇ, ಚಂದಾ ನಿಂತ ದಿನ ಅವಕ್ಕೆ ಬೀಗ. ಪ್ಲೇಸ್ಟೇಷನ್ 5ರ ಆಟದಲ್ಲಿ ನೀವು ಎಲ್ಲಿಗೆ ತಲುಪಿದಿರಿ ಎಂಬ ದಾಖಲೆಯನ್ನು ಬಿಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವ ಹಾಗಿಲ್ಲ. ಕ್ಲೌಡಿಗೆ ಏರಿಸಬೇಕು, ಕ್ಲೌಡು ಚಂದಾದಾರರಿಗೆ ಮಾತ್ರ. ಜಾಗದ ಕಥೆ ಕೇಳಿ: ಡಬ್ಬದ ಮೇಲೆ 825 ಜಿಬಿ, ಬಾಗಿಲು ತೆಗೆದು ಒಳಗೆ ಹೋದರೆ 667. ಉಳಿದದ್ದು ಮೆಟ್ಟಿಲು, ಗೋಡೆ, ಪ್ಯಾಸೇಜು. ಸೂಪರ್ ಬಿಲ್ಟಪ್ ಏರಿಯಾ ಅಂದರೇನು ಅಂತ ಅಕ್ಕನ ಮಗನಿಗೆ ಅರ್ಥವಾದದ್ದು ಆವತ್ತೇ.

ಇನ್ನು ನೆಟ್‌ವರ್ಕು. 300 ಎಂಬಿಪಿಎಸ್ ಹಾಕಿಸಿದರೂ ಆಟದಲ್ಲಿ ಶತ್ರು ಗುಂಡು ಹಾರಿಸಿ ಆದ ಮೇಲೆ ಅಕ್ಕನ ಮಗ ಬಗ್ಗುತ್ತಿದ್ದ. ಕಾರಣ ವೇಗವಲ್ಲ, ಪಿಂಗ್. ಅಂದರೆ ನಾವು ಒತ್ತಿದ್ದು ಸರ್ವರಿಗೆ ತಲುಪಿ ಉತ್ತರ ಬರುವ ಹೊತ್ತು. ಬೆಂಗಳೂರಿನಿಂದ ಸಿಂಗಾಪುರ ಸುಮಾರು 3,200 ಕಿಲೋಮೀಟರ್. ಫೈಬರಿನ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತೆ. ಸರ್ವರ್ ಅಲ್ಲಿದ್ದರೆ ಕೇಬಲ್ ನೆಟ್ಟಗೆ ಎಳೆದಿದ್ದರೂ ಹೋಗಿ ಬರಲು 32 ಮಿಲಿಸೆಕೆಂಡ್ ಬೇಕೇಬೇಕು. ಸಮುದ್ರದ ಕೇಬಲ್ ಎಲ್ಲಿ ನೆಟ್ಟಗಿರುತ್ತೆ? ಇದನ್ನು ಕೇಳಿದ ಭಾವ, "ಬೆಳಕಿಗೇ ಅಷ್ಟು ಹೊತ್ತು ಹಿಡಿಯೋದಾದ್ರೆ ಮುನ್ನೂರು ಎಂಬಿಪಿಎಸ್‌ಗೆ ನಾನ್ಯಾಕೆ ದುಡ್ಡು ಕೊಡ್ತಿದೀನಯ್ಯ?" ಅಂದರು. ಡೌನ್‌ಲೋಡಿಗೆ, ಭಾವ. ನೂರು ಜಿಬಿಯ ಆಟ 40 ಎಂಬಿಪಿಎಸ್‌ನಲ್ಲಿ ಇಳಿಯಲು ಐದೂವರೆ ಗಂಟೆ. ಮುನ್ನೂರರಲ್ಲಿ ಮುಕ್ಕಾಲು ಗಂಟೆ.

ಅಲ್ಲಿಗೂ ಮುಗಿಯಲಿಲ್ಲ. ಗೆಳೆಯನ ಧ್ವನಿ ಕೇಳಿಸುತ್ತಿಲ್ಲ ಅಂತ ನೋಡಿದರೆ ಪರದೆಯ ಮೇಲೆ 'ಎನ್‌ಎಟಿ ಟೈಪ್ 3'. ಸಾರ್ವಜನಿಕ ಐಪಿ ವಿಳಾಸಗಳು ಸಾಲದೆ ಇಂಟರ್ನೆಟ್ ಕೊಡುವವರು ಹಲವು ಮನೆಗಳಿಗೆ ಒಂದೇ ವಿಳಾಸ ಹಂಚಿರುತ್ತಾರೆ. ಹಳೆಯ ವಠಾರವೇ ಸರಿ: ಹೊರಗೆ ಒಂದೇ ಡೋರ್ ನಂಬರು, ಒಳಗೆ ಹನ್ನೆರಡು ಸಂಸಾರ, ಹೊಸದಾಗಿ ಹುಡುಕಿಕೊಂಡು ಬಂದ ನೆಂಟ ಗೇಟಿನಲ್ಲೇ ನಿಂತಿರುತ್ತಾನೆ. ಇಂಟರ್ನೆಟ್ ಹುಡುಗನನ್ನು ಕರೆಸಿ ಕೇಳಿದರೆ ಅವನು ರೂಟರ್ ಆಫ್ ಮಾಡಿ ಆನ್ ಮಾಡಿ, "ಈಗ ನೋಡಿ ಸಾರ್" ಅಂದ. ನಾವು ಕ್ಯಾಸೆಟ್ ಊದಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸವೋ ನನಗೆ ಕಾಣಲಿಲ್ಲ.

ಓನರ್ ಮನೆ ಖಾಲಿ ಮಾಡಿಸಿದರೆ? ಅದೂ ಉಂಟು. ಹಳೆಯ ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆಯನ್ನು ಮೈಕ್ರೋಸಾಫ್ಟ್ 2010ರ ಏಪ್ರಿಲ್ 15ರಂದು ನಿಲ್ಲಿಸಿತು. ಆದರೆ ಆಗಲೇ ಹೇಲೋ 2 ಆಡುತ್ತಿದ್ದವರು ಪೆಟ್ಟಿಗೆ ಆರಿಸದಿದ್ದರೆ ಸಂಪರ್ಕ ಹಾಗೇ ಉಳಿಯುತ್ತಿತ್ತು. ಹದಿನಾಲ್ಕು ಮಂದಿ ಹಟ ಹಿಡಿದು ಕೂತರು. ಒಬ್ಬೊಬ್ಬರೇ ಉದುರಿ, ಕೊನೆಯವನು ಹೊರಬಿದ್ದದ್ದು ಮೇ ತಿಂಗಳಲ್ಲಿ. ಇಂಥ ಸತ್ಯಾಗ್ರಹ ನಮ್ಮ ಬಡಾವಣೆಯಲ್ಲಿ ನಡೆಯುವುದು ಕನಸಿನ ಮಾತು. ಸಂಜೆ ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುತ್ತೆ. ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರಿನ ಆಟಕ್ಕೆ 2024ರ ಮಾರ್ಚ್ 31ರಂದು ಬೀಗ ಬಿತ್ತು. ಒಬ್ಬನೇ ಆಡುವುದಕ್ಕೂ ಅದಕ್ಕೆ ಸರ್ವರ್ ಬೇಕಿತ್ತು, ಹಾಗಾಗಿ ಡಿಸ್ಕ್ ಇಟ್ಟುಕೊಂಡವರ ಕೈಯಲ್ಲಿ ಉಳಿದದ್ದು ಕಾಫಿ ಲೋಟ ಇಡುವ ಬಿಲ್ಲೆ. ಅದೇ ವರ್ಷ ಕ್ಯಾಲಿಫೋರ್ನಿಯಾದವರು ಕಾನೂನು ಮಾಡಿದರು: ಡಿಜಿಟಲ್ ಸರಕಿಗೆ "ಕೊಳ್ಳಿ" ಅಂತ ಹಾಕುವುದಾದರೆ, ಇದು ಬರೀ ಬಳಕೆಯ ಪರವಾನಗಿ ಅಂತಲೂ ಸ್ಪಷ್ಟವಾಗಿ ಹೇಳಬೇಕು.

ಇದೆಲ್ಲ ಆಗುವ ಮೊದಲೇ, ಪೆಟ್ಟಿಗೆ ಕೊಳ್ಳುವ ಹೊತ್ತಿನಲ್ಲೇ, ಭಾವ ತಮ್ಮ ತೀರ್ಪನ್ನು ತಾವೇ ಬದಲಿಸಿದ್ದರು. ಹತ್ತು ಸಾವಿರ ಹೆಚ್ಚಾದರೂ ಡಿಸ್ಕ್ ಮಾದರಿಯೇ ಆಗಲಿ. ಇಂಟರ್ನೆಟ್ ಇಲ್ಲದೆ ನಡೆಯುವ ಆಟದ ಡಿಸ್ಕನ್ನು ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಎರವಲು ಕೊಡಬಹುದು. ಹೊಸ ಆಟಕ್ಕೆ 4,999 ಕೊಡುವ ದೇಶದಲ್ಲಿ ಅದು ಸಣ್ಣ ವಿಷಯವಲ್ಲ. ಇಡೀ ಯಂತ್ರದಲ್ಲಿ ನಾವು ಬಾಡಿಗೆದಾರರಲ್ಲದೆ ಮಾಲೀಕರಾಗಿ ಉಳಿಯುವ ಭಾಗ ಆ ಡ್ರೈವು ಒಂದೇ. ಟೆರಾಫ್ಲಾಪಿನವರು ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು.

ಚಂದಾ ಎಸೆನ್ಷಿಯಲ್ ಸಾಕು, ಆದರೆ ಕಾರ್ಡ್ ನಂಬರ್ ಕೊಡೋಲ್ಲ ಅಂದರು ಭಾವ. ನಾನು ಅವರ ಪರ. 2011ರ ಏಪ್ರಿಲಿನಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಕನ್ನ ಬಿದ್ದು, 7 ಕೋಟಿ 70 ಲಕ್ಷ ಖಾತೆಗಳ ವಿವರ ಸೋರಿ, ಮೂರು ವಾರಕ್ಕೂ ಮಿಕ್ಕಿ ಸೇವೆ ಮುಚ್ಚಿತ್ತು. ಹಾಗಾಗಿ ಮುಂಗಡ ಕೋಡ್ ತಂದು ವ್ಯಾಲೆಟ್ಟಿಗೆ ತುಂಬುವುದು. ಅದರಲ್ಲಿ ಕಾಸಿಲ್ಲದಿದ್ದರೆ ಚಂದಾ ತಾನಾಗಿ ನವೀಕರಣವೂ ಆಗದು. ಪ್ರತಿ ವರ್ಷ ಮಗ ಹೊಸದಾಗಿ ಅರ್ಜಿ ಹಾಕಬೇಕು, ಭಾವ ಪರಿಶೀಲಿಸಬೇಕು. ಮೊದಲ ಪರಿಶೀಲನೆಗೆ ನಾನೂ ಇದ್ದೆ. ಯಾವ ಆಟ ಎಷ್ಟು ಗಂಟೆ ಆಡಿದ್ದು ಅಂತ ಪ್ಲೇಸ್ಟೇಷನ್ 5 ತಾನೇ ಲೆಕ್ಕ ಇಡುತ್ತೆ ಅನ್ನುವುದು ಭಾವನಿಗೆ ಹೇಗೋ ಗೊತ್ತಾಗಿತ್ತು. ಫುಟ್‌ಬಾಲ್ ಆಟದ ಪಕ್ಕದಲ್ಲಿ ನಾನೂರು ಗಂಟೆ ಅಂತಿತ್ತು. 2,999 ಭಾಗಿಸು ನಾನೂರು.

"ಗಂಟೆಗೆ ಏಳೂವರೆ ರೂಪಾಯಿ ಕಣಯ್ಯಾ!" ಭಾವನ ಮುಖ ಅರಳಿತು. "ಹೋಟ್ಲಲ್ಲಿ ಅರ್ಧ ಕಾಫೀನೂ ಬರಲ್ಲ. ಮಂಜೂರು!"

ಅಡುಗೆಮನೆಯಲ್ಲಿ ಒಗ್ಗರಣೆಯ ಚಟಪಟ ನಿಂತಿತು. ಅಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಎಷ್ಟು ಗಂಟೆ ಅಂದ್ರಿ?"